ಊರಿನ ಸಂತೆ, ಕೇರಿಯ ಅಂಗಡಿ ಮತ್ತು ಮನೆಯವರ ಪುಷ್ಟಿ

ಪುಷ್ಟಿಕರವಾದ ಆಹಾರವೆಂದೊಡನೆ ಡಬ್ಬಿಯಲ್ಲಿ ಮಾರುವ ಪುಡಿ, ದೂರದಿಂದ ಬಂದ ಸೇಬು, ಬಾದಾಮಿ ಮೊದಲಾದ ಬೆಲೆಬಾಳುವ ಪದಾರ್ಥಗಳೇ ಬಹುಜನರ ಮನಸ್ಸಿಗೆ ಬರುತ್ತವೆ. “ಮಗು ಸೊರಗಿದೆ ಡಾಕ್ಟರೇ, ಯಾವ ಪುಡಿ ತರಬೇಕು?” ಎಂಬುದು ಆರೋಗ್ಯ ಕೇಂದ್ರಗಳಲ್ಲಿ ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಇದಕ್ಕೆ ಉತ್ತರವು ಹೆಚ್ಚಿನ ಮಟ್ಟಿಗೆ ನಿಮ್ಮ ಊರಿನ ಹೊಲದಲ್ಲಿಯೂ, ವಾರದ ಸಂತೆಯಲ್ಲಿಯೂ, ನಿಮ್ಮ ಕೇರಿಯ ಚಿಕ್ಕ ಕಿರಾಣಿ ಅಂಗಡಿಯಲ್ಲಿಯೂ ಇದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ, ಹತ್ತಿರದಲ್ಲಿರುವುದರಿಂದಲೇ ಅದು ನಮ್ಮ ಕಣ್ಣಿಗೆ ಬೀಳುತ್ತಿಲ್ಲ.

ಇದನ್ನು ಅಲ್ಪ ವಿಷಯವೆಂದು ತಿಳಿಯಬಾರದು. ೨೦೧೯–೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ ೬೫ಕ್ಕಿಂತ ಹೆಚ್ಚು ಮಂದಿಗೂ, ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ಸುಮಾರು ಶೇಕಡ ೪೮ ಮಂದಿಗೂ ರಕ್ತಹೀನತೆಯಿತ್ತು. ರಕ್ತಹೀನತೆಯುಳ್ಳ ಗರ್ಭಿಣಿಗೆ ಹೆರಿಗೆಯ ಕಾಲದಲ್ಲಿ ಆಗುವ ಸಾಧಾರಣ ರಕ್ತಸ್ರಾವವೂ ಪ್ರಾಣಕ್ಕೆ ಅಪಾಯಕರವಾಗಬಹುದು. ಅವಳ ಮಗು ಕಡಿಮೆ ತೂಕದ್ದಾಗಿ ಹುಟ್ಟುವ ಸಂಭವವೂ ಹೆಚ್ಚು.

ಹೊಲದ ಬೆಳೆಯಲ್ಲಿರುವ ಸತ್ವ

ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣಾಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಆಸುಪಾಸಿನಲ್ಲಿ ಮಾತ್ರ. ಬೆಳೆಯುವ ಮಗುವಿನ ಮೂಳೆಗೂ, ಹಾಲೂಡುವ ತಾಯಿಗೂ ಇದು ಅತ್ಯವಶ್ಯಕ. ಮುದ್ದೆಯನ್ನು ಬಡವರ ಊಟವೆಂದು ಬಿಟ್ಟು, ಮೂರು ಹೊತ್ತೂ ಬಿಳಿ ಅನ್ನವನ್ನೇ ಉಣ್ಣುವ ಮನೆಯವರು ಕೈಯಲ್ಲಿದ್ದ ಸತ್ವವನ್ನು ತಾವೇ ಕಳೆದುಕೊಂಡಂತಾಯಿತು.

ಮುದ್ದೆಯೊಡನೆ ಅವರೆ, ಹುರುಳಿ, ತೊಗರಿ ಅಥವಾ ಹೆಸರುಕಾಳಿನ ಸಾರು ಇರತಕ್ಕದ್ದು. ಧಾನ್ಯದಲ್ಲಿ ಕೊರತೆಯಾಗುವ ಸಸಾರಜನಕದ ಅಂಶಗಳನ್ನು ಕಾಳು ತುಂಬಿಕೊಡುತ್ತದೆ. ಉತ್ತರದ ಜಿಲ್ಲೆಗಳಲ್ಲಿ ಜೋಳದ ರೊಟ್ಟಿಯೊಡನೆ ತೊಗರಿಬೇಳೆ ಮತ್ತು ಶೇಂಗಾ ಚಟ್ನಿ, ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿಯೊಡನೆ ಬಂಗುಡೆ, ಬೂತಾಯಿ ಮೀನು ಇದೇ ಕೆಲಸವನ್ನು ಮಾಡುತ್ತವೆ. ಆಯಾ ಸೀಮೆಯ ಹಿರಿಯರು ರೂಢಿಸಿಕೊಂಡು ಬಂದ ಈ ಜೋಡಿಗಳನ್ನು ಕೈಬಿಡಬೇಡಿರಿ.

ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಅನಂತರ ಎದೆಹಾಲಿನೊಡನೆ ರಾಗಿ ಸರಿಯನ್ನು ಆರಂಭಿಸಬಹುದು. ಮೂರು ಪಾಲು ರಾಗಿ, ಒಂದು ಪಾಲು ಹೆಸರುಕಾಳುಗಳನ್ನು ಬೇರೆ ಬೇರೆಯಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಗಿರಣಿಯಲ್ಲಿ ಬೀಸಿಸಿರಿ. ಮೊಳಕೆ ಬಂದ ಧಾನ್ಯದ ಹಿಟ್ಟು ಬೇಯುವಾಗ ಅತಿಯಾಗಿ ಗಟ್ಟಿಯಾಗುವುದಿಲ್ಲ; ಆದುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಮಗುವಿನ ಹೊಟ್ಟೆ ಸೇರುತ್ತದೆ. ಅದರಲ್ಲಿನ ಕಬ್ಬಿಣಾಂಶವೂ ಸುಲಭವಾಗಿ ಮೈಗೆ ಹತ್ತುತ್ತದೆ.

ಸಂತೆಯ ಸೊಪ್ಪು, ಹಣ್ಣು

ನುಗ್ಗೆ, ಹರಿವೆ, ದಂಟು, ಮೆಂತ್ಯ ಮೊದಲಾದ ಸೊಪ್ಪುಗಳು ಹೊಲದಿಂದ ಬೆಳಿಗ್ಗೆ ಕಿತ್ತು ಅಂದೇ ಸಂತೆಗೆ ಬರುತ್ತವೆ. ಸೊಪ್ಪು ಬಾಡಿದಷ್ಟೂ ಅದರಲ್ಲಿನ ‘ಸಿ’ ಜೀವಸತ್ವವು ನಶಿಸುತ್ತದೆಯಾದ್ದರಿಂದ ಹತ್ತಿರದ ಬೆಳೆಗೆ ಇಲ್ಲಿ ಸಹಜವಾದ ಮೇಲುಗೈ ಇದೆ. ಸೊಪ್ಪನ್ನು ಮೊದಲು ಚೆನ್ನಾಗಿ ತೊಳೆದು ಅನಂತರ ಹೆಚ್ಚಿರಿ. ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರಿಗೆ ಬಳಸಿರಿ.

ಸೊಪ್ಪು, ಕಾಳುಗಳಲ್ಲಿನ ಕಬ್ಬಿಣಾಂಶವನ್ನು ಶರೀರವು ಸುಲಭವಾಗಿ ಹೀರಿಕೊಳ್ಳದು. ಊಟದಲ್ಲಿ ನಿಂಬೆಯ ರಸ ಅಥವಾ ನೆಲ್ಲಿಕಾಯಿ ಇದ್ದಲ್ಲಿ ಈ ಕೊರತೆ ಬಹುಮಟ್ಟಿಗೆ ನೀಗುವುದು. ಊಟದೊಡನೆ ಕಾಫಿ, ಟೀ ಕುಡಿದಲ್ಲಿ ಅದಕ್ಕೆ ಅಡ್ಡಿಯಾಗುವುದು; ಒಂದು ಗಂಟೆಯಾದರೂ ಅಂತರವಿರಲಿ. ಹಣ್ಣಿನ ಮಾತಿಗೆ ಬಂದರೆ, ಸೀಬೆಯಲ್ಲಿ ಸೇಬಿಗಿಂತ ಹಲವು ಪಟ್ಟು ಅಧಿಕ ‘ಸಿ’ ಜೀವಸತ್ವವಿದೆ. ಸುಗ್ಗಿಯ ಕಾಲದಲ್ಲಿ ಅದು ಅಗ್ಗವೂ ಹೌದು.

ಕೇರಿಯ ಅಂಗಡಿ

ಚಿಕ್ಕ ಅಂಗಡಿಯ ಉಪಯೋಗವು ಅದರ ಸಮೀಪದಲ್ಲಿಯೇ ಇದೆ. ತುಂಬು ಗರ್ಭಿಣಿಯೂ ವೃದ್ಧರೂ ನಡೆದುಹೋಗಬಹುದು. ಬೇಕಾದಷ್ಟನ್ನು ಮಾತ್ರ, ಕಾಲು ಕಿಲೋ ಬೇಳೆಯಾದರೂ ಸರಿ, ಕೊಳ್ಳಬಹುದು. ಅಂಗಡಿಯವನು ಪರಿಚಿತನಾದ್ದರಿಂದ ಕೆಟ್ಟ ಪದಾರ್ಥವನ್ನು ಹಿಂದಿರುಗಿಸಲು ಸಂಕೋಚವಿಲ್ಲ.

ಆದರೆ ಅದೇ ಅಂಗಡಿಯ ಮುಂದೆ ಬಣ್ಣಬಣ್ಣದ ಕುರುಕಲು ಪೊಟ್ಟಣಗಳ ಸರವೂ ತೂಗುತ್ತಿರುತ್ತದೆ. ಅವುಗಳಲ್ಲಿ ಹೆಚ್ಚಾಗಿ ಇರುವುದು ಉಪ್ಪು, ಎಣ್ಣೆ, ಪಿಷ್ಟ. ಊಟಕ್ಕೆ ಮುಂಚೆ ಅವನ್ನು ತಿಂದ ಮಗುವಿಗೆ ಹಸಿವು ಇಂಗಿಹೋಗಿ, ಮುದ್ದೆ ಸಾರು ರುಚಿಸದು. ಒಳಗಿನ ಡಬ್ಬಗಳಲ್ಲಿ ಹುರಿಗಡಲೆ, ಕಡಲೆಕಾಯಿ ಬೀಜ, ಬೆಲ್ಲದ ಚಿಕ್ಕಿ ಇರುತ್ತವೆ. ಮಗುವಿನ ಕೈಗೆ ಕೊಡುವ ಹತ್ತು ರೂಪಾಯಿ ಯಾವುದಕ್ಕೆ ಹೋಗುತ್ತದೆಂಬುದನ್ನು ಹಿರಿಯರು ಗಮನಿಸತಕ್ಕದ್ದು. ಮೂರು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ಅವರಿಗೆ ಪುಡಿಮಾಡಿ ಕೊಡಿರಿ.

ಕೊಳ್ಳುವಾಗ ಎಚ್ಚರ

ಹತ್ತಿರದ್ದೆಲ್ಲವೂ ಒಳ್ಳೆಯದೆಂದು ಕಣ್ಣುಮುಚ್ಚಿ ಕೊಳ್ಳಲಾಗದು. ಈ ಕೆಳಗಿನ ಅಂಶಗಳು ನೆನಪಿರಲಿ:

೧. ಬೂಸಲು ಹಿಡಿದ ಕಡಲೆಕಾಯಿ ಬೀಜವನ್ನು ಕೊಳ್ಳಬೇಡಿರಿ. ಅದರಲ್ಲಿ ಈಲಿಗೆ ಹಾನಿಮಾಡುವ ವಿಷವಿರಬಹುದು. ಹುರಿದರೂ ಅದು ಪೂರ್ಣವಾಗಿ ಹೋಗದು.

೨. ಬಿಡಿ ಎಣ್ಣೆಯಲ್ಲಿ ಕಲಬೆರಕೆ ಸುಲಭ. ಮುಚ್ಚಳ ಮುದ್ರೆಯಾಗಿರುವ, ದಿನಾಂಕವಿರುವ ಎಣ್ಣೆಯನ್ನೇ ಕೊಳ್ಳಿರಿ.

೩. ಉಪ್ಪಿನ ವಿಷಯದಲ್ಲಿ ಮಾತ್ರ ಬಿಡಿ ಹರಳುಪ್ಪಿಗಿಂತ ಅಯೋಡೀನ್ ಸೇರಿಸಿದ ಪೊಟ್ಟಣದ ಉಪ್ಪೇ ಮೇಲು. ಗರ್ಭದಲ್ಲಿರುವ ಶಿಶುವಿನ ಮೆದುಳಿನ ಬೆಳವಣಿಗೆಗೆ ಅಯೋಡೀನ್ ಅನಿವಾರ್ಯ. ನಗುವ ಸೂರ್ಯನ ಗುರುತನ್ನು ನೋಡಿ ತೆಗೆದುಕೊಳ್ಳಿರಿ.

ಮಾತ್ರೆಯನ್ನು ಬಿಡಬೇಡಿರಿ

ಸೊಪ್ಪು ತಿನ್ನುವೆನೆಂದು ಗರ್ಭಿಣಿಯು ಕಬ್ಬಿಣಾಂಶದ ಮಾತ್ರೆಯನ್ನು ನಿಲ್ಲಿಸಬಾರದು. ಗರ್ಭಿಣಿಗೆ ಬೇಕಾದಷ್ಟು ಕಬ್ಬಿಣವು ಊಟವೊಂದರಿಂದಲೇ ದೊರೆಯುವುದು ಕಷ್ಟ. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ ೧೮೦ ದಿನ, ಹೆರಿಗೆಯ ನಂತರ ಮತ್ತೆ ೧೮೦ ದಿನ ಮಾತ್ರೆಯನ್ನು ಸೇವಿಸಬೇಕು. ಇವು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಮಲ ಕಪ್ಪಾದರೆ ಹೆದರಬೇಕಾದುದಿಲ್ಲ.

ಮುಂದಿನ ಸಂತೆಯ ದಿನ ಮನೆಯ ಯಜಮಾನರು ಚೀಲ ಹಿಡಿದು ಹೊರಡುವಾಗ ಎರಡು ಕಟ್ಟು ಸೊಪ್ಪು, ಒಂದು ಬಗೆಯ ಕಾಳು, ನಾಲ್ಕು ನಿಂಬೆಹಣ್ಣು ಪಟ್ಟಿಯ ಮೊದಲಿಗೆ ಇರಲಿ. ಅಡುಗೆಯಾದ ಮೇಲೆ ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವ ಪದ್ಧತಿಯನ್ನು ಬಿಟ್ಟು, ಬಸುರಿ ಬಾಣಂತಿಯರು ಮನೆಮಂದಿಯೊಡನೆ ಕುಳಿತು ಹೊಟ್ಟೆತುಂಬ ಉಣ್ಣುವಂತಾಗಲಿ. ಸಂತೆಯಿಂದ ತಂದ ಸತ್ವವು ತಾಯಿಯ ತಟ್ಟೆಯನ್ನು ಸೇರಿದಾಗಲೇ ಕೊಟ್ಟ ಹಣ ಸಾರ್ಥಕವಾಗುವುದು.