ತೊಗಟೆಯ ಬಿಸಿಯಲ್ಲಿ ಮಾಗಿದ ಅನಾನಸ್

ಬನವಾಸಿ ಕಡೆಯ ಅನಾನಸ್ ಪೇಟೆಗೆ ಬಂತೆಂದರೆ ಹೋಳಿಗೆ ಉಪ್ಪು, ಖಾರದ ಪುಡಿ ಸವರಿ ತಿನ್ನುವುದಷ್ಟೇ ನಮ್ಮ ಕೆಲಸ. ಹಿತ್ತಲಿನಲ್ಲಿ ಒಂದು ಜುಟ್ಟು ನೆಟ್ಟು ಮರೆತರೂ ಅದು ಒಂದು ದಿನ ಕಾಯಿ ಬಿಟ್ಟೀತು. ಆದರೆ ಇದೇ ಹಣ್ಣನ್ನು ತಮ್ಮ ತೋಟದಲ್ಲಿ ಬೆಳೆಯಬೇಕೆಂಬ ಹಟಕ್ಕೆ ಬಿದ್ದ ಇಂಗ್ಲೆಂಡಿನ ಶ್ರೀಮಂತರು ಸುಮಾರು ಇನ್ನೂರು ವರ್ಷ ಹಣ, ಕಲ್ಲಿದ್ದಲು ಮತ್ತು ಬೇರೆಯವರ ನಿದ್ದೆ ಮೂರನ್ನೂ ಸುಟ್ಟರು.

ಅನಾನಸ್ ದಕ್ಷಿಣ ಅಮೆರಿಕದ ಗಿಡ. ಹೆಸರೂ ಅಲ್ಲಿಯದೇ, ತುಪಿ ಜನರ ಭಾಷೆಯದು. 1493ರಲ್ಲಿ ಕೊಲಂಬಸ್ ತನ್ನ ಎರಡನೇ ಯಾನದಲ್ಲಿ ಗ್ವಾಡೆಲೋಪ್ ದ್ವೀಪದಲ್ಲಿ ಇದನ್ನು ಕಂಡ. ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ತಂದರು. ಹಣ್ಣಿನ ಜೊತೆ ಹೆಸರೂ ಇಳಿಯಿತು. ಮುಂದಿನ ಶತಮಾನದ ಆರಂಭದಲ್ಲೇ ಆಗ್ರಾದ ತನ್ನ ತೋಟದಲ್ಲಿ ವರ್ಷಕ್ಕೆ ಹಲವು ಸಾವಿರ ಹಣ್ಣು ಬೆಳೆಯುತ್ತಿವೆಯೆಂದು ಬಾದಶಹ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದೇ ಕಾಲದಲ್ಲಿ ಲಂಡನ್ನಿನ ಅರಮನೆಯಲ್ಲಿ ಒಂದು ಹಣ್ಣನ್ನೂ ಬೆಳೆಯಲು ಗೊತ್ತಿರಲಿಲ್ಲ. 1668ರಲ್ಲಿ ಫ್ರೆಂಚ್ ರಾಯಭಾರಿಗೆ ಎರಡನೇ ಚಾರ್ಲ್ಸ್ ದೊರೆ ಕೊಟ್ಟ ಔತಣದಲ್ಲಿ ಬಾರ್ಬಡೋಸ್‌ನಿಂದ ಹಡಗಿನಲ್ಲಿ ಬಂದ ಒಂದು ಅನಾನಸ್ ಇತ್ತು. ದೊರೆ ತನ್ನ ತಟ್ಟೆಯಿಂದಲೇ ಒಂದು ತುಂಡನ್ನು ಜಾನ್ ಎವೆಲಿನ್‌ಗೆ ಕೊಟ್ಟ. ಕೇಳಿದ್ದಷ್ಟು ರುಚಿಯಿಲ್ಲ ಎಂದು ಆತ ದಿನಚರಿಯಲ್ಲಿ ಬರೆದ. ವಾರಗಟ್ಟಲೆ ಸಮುದ್ರದ ಮೇಲಿದ್ದ ಹಣ್ಣಿನಿಂದ ಇನ್ನೇನು ನಿರೀಕ್ಷಿಸಲು ಸಾಧ್ಯ?

ಮಾವು, ಹಲಸು ಬಿಟ್ಟು ಅನಾನಸ್‌ನ ಬೆನ್ನು ಹತ್ತಿದ್ದೇಕೆ ಎಂಬ ಪ್ರಶ್ನೆ ಸಹಜ. ಮಾವು ಮರ, ಅದರ ವಾಟೆಗೆ ಬಹಳ ದಿನ ಜೀವ ನಿಲ್ಲುವುದಿಲ್ಲ. ಅನಾನಸ್ ಮೊಣಕಾಲೆತ್ತರದ ಗಿಡ. ಜುಟ್ಟು, ಕಂದು ಯಾವುದಾದರೂ ಒಣಗಿದಂತೆ ಕಂಡರೂ ತಿಂಗಳುಗಳ ಪ್ರಯಾಣ ತಾಳಿಕೊಂಡು ಮತ್ತೆ ಬೇರು ಬಿಡುತ್ತದೆ. ಕುಂಡದಲ್ಲೂ ಬೆಳೆಯುತ್ತದೆ. ಆದರೆ ಚಳಿಯೊಂದನ್ನು ಸಹಿಸದು. ಉಷ್ಣಾಂಶ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬೆಳವಣಿಗೆ ನಿಂತುಹೋಗುತ್ತದೆ, ಹಿಮ ಬಿದ್ದರೆ ಗಿಡವೇ ಸಾಯುತ್ತದೆ. ನಮ್ಮಲ್ಲಿ ಒಂದೂವರೆ, ಎರಡು ವರ್ಷಕ್ಕೆ ಹಣ್ಣು ಕೊಡುವ ಗಿಡ ಅಲ್ಲಿ ಎರಡು ಮೂರು ವರ್ಷ ತೆಗೆದುಕೊಳ್ಳುತ್ತಿತ್ತು. ಅಂದರೆ ಎರಡು ಮೂರು ಚಳಿಗಾಲಗಳ ಒಂದೊಂದು ರಾತ್ರಿಯೂ ಬೇರಿಗೆ ಬಿಸಿ ತಾಗುತ್ತಿರಬೇಕು.

ಲಾಲ್‌ಬಾಗಿನ ಗಾಜಿನ ಮನೆ ನೋಡಿದವರಿಗೆ ಇದರ ಕಷ್ಟ ತಿಳಿಯಲಿಕ್ಕಿಲ್ಲ. ಅಲ್ಲಿ ಒಲೆ ಹಚ್ಚುವ ಪ್ರಮೇಯವೇ ಇಲ್ಲ. ಯುರೋಪಿನಲ್ಲಿ ಗಾಜು ಹಗಲಿನ ಬಿಸಿಲನ್ನು ಹಿಡಿದೀತು, ರಾತ್ರಿಯ ಚಳಿಯನ್ನು ತಡೆಯಲಾರದು. ಒಲೆ ಉರಿಸಿದರೆ ಗಾಳಿ ಕಾಯುತ್ತದೆ, ಮಣ್ಣು ತಣ್ಣಗೇ ಇರುತ್ತದೆ. ಹೊಗೆ ಸೋರಿದರೆ ಗಿಡಕ್ಕೆ ಕೇಡು.

ದಾರಿ ತೋರಿಸಿದವರು ಡಚ್ಚರು. 1687ರಲ್ಲಿ ಆಗ್ನೆಸ್ ಬ್ಲಾಕ್ ಎಂಬ ಸಸ್ಯಪ್ರೇಮಿ ಮಹಿಳೆ ಹಾಲೆಂಡಿನ ತನ್ನ ತೋಟದಲ್ಲಿ ಹಣ್ಣು ಬೆಳೆದಳು. ಲೈಡನ್ ಬಳಿಯ ಬಟ್ಟೆ ವ್ಯಾಪಾರಿ ಪೀಟರ್ ಡಿ ಲಾ ಕೋರ್ಟ್ ಇದನ್ನೊಂದು ಪದ್ಧತಿಯಾಗಿ ಬೆಳೆಸಿದ. ಈ ಪದ್ಧತಿಯ ಗುಟ್ಟು ಚರ್ಮ ಹದ ಮಾಡುವವರ ಬಳಿಯ ಓಕ್ ಮರದ ತೊಗಟೆಯಲ್ಲಿತ್ತು. ಮುಂಜಾನೆ ತಿಪ್ಪೆಯಿಂದ ಹಬೆ ಏಳುವುದನ್ನು ಹಳ್ಳಿಯವರೆಲ್ಲ ಕಂಡಿರುತ್ತಾರೆ. ಕೊಳೆಯುವ ವಸ್ತು ಬಿಸಿಯಾಗುತ್ತದೆ. ಕುದುರೆ ಲದ್ದಿ ಬೇಗ ಕಾದು ಬೇಗ ಆರುತ್ತದೆ. ಪುಡಿಮಾಡಿ ನೆನೆಸಿದ ತೊಗಟೆ ಹಾಗಲ್ಲ. ನಿಧಾನವಾಗಿ ಹುದುಗುತ್ತ ತಿಂಗಳುಗಟ್ಟಲೆ ಒಂದೇ ಸಮ ಬೆಚ್ಚಗಿರುತ್ತದೆ. ಇಟ್ಟಿಗೆಯ ಗುಂಡಿಗೆ ಇದನ್ನು ತುಂಬಿ, ಅದರಲ್ಲಿ ಕುಂಡಗಳನ್ನು ಕತ್ತಿನವರೆಗೆ ಹೂತರೆ ಬೇರಿಗೆ ಬಿಸಿ ಸಿಕ್ಕಿತು. ಬಿಸಿ ಇಳಿದಾಗ ತೊಗಟೆಯನ್ನು ಕೆದಕಿ ಹೊಸದನ್ನು ಬೆರೆಸಬೇಕು. ಚರ್ಮದ ಹದಗಾರರಿಗೆ ಕೆಲಸ ಮುಗಿದ ಕಸ, ತೋಟದವರಿಗೆ ಉಷ್ಣವಲಯ!

ಈ ವಿದ್ಯೆ ಇಂಗ್ಲೆಂಡಿಗೆ ಹೋದದ್ದು ಮ್ಯಾಥ್ಯೂ ಡೆಕರ್ ಮೂಲಕ. ಹುಟ್ಟಿನಿಂದ ಡಚ್ಚನಾದ ಈತ ಲಂಡನ್ನಿನ ದೊಡ್ಡ ವರ್ತಕ, ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಲ್ಲೊಬ್ಬ. ರಿಚ್ಮಂಡಿನ ತೋಟದಲ್ಲಿ ಬೆಳೆದ ಅನಾನಸ್‌ನ ಚಿತ್ರವನ್ನು 1720ರಲ್ಲಿ ಬರೆಸಿದ. ಅದೀಗ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿದೆ. ಗಿಡ ಸಾಕಿದ ಮಾಲಿ ಹೆನ್ರಿ ಟೆಲೆಂಡೆ. ಅವನ ವಿಧಾನವನ್ನು ರಿಚರ್ಡ್ ಬ್ರಾಡ್ಲಿ ಎಂಬ ಸಸ್ಯವಿಜ್ಞಾನಿ ಬರೆದು ಪ್ರಕಟಿಸಿದ್ದರಿಂದ ಮಾಲಿಯ ಹೆಸರು ಉಳಿಯಿತು. ಅಂಥ ಅದೃಷ್ಟ ಎಲ್ಲರಿಗೂ ಇರಲಿಲ್ಲ.

ಮುಂದೆ ಇದು ಗೀಳಾಯಿತು. ಸ್ಕಾಟ್ಲೆಂಡಿನ ಡನ್‌ಮೋರ್‌ನಲ್ಲಿ ಅನಾನಸ್ ಆಕಾರದ ಕಲ್ಲಿನ ಗೋಪುರವೇ ಎದ್ದಿತು. ಅದರ ಇಕ್ಕೆಲದ ತೋಟದ ಗೋಡೆ ಪೊಳ್ಳು. ಒಳಗೆ ಬಿಸಿ ಗಾಳಿ ಹರಿಯುತ್ತಿತ್ತು. ಹೊಗೆ ಹೋಗುವ ಚಿಮಣಿಗಳಿಗೆ ಕಲ್ಲಿನ ಹೂದಾನಿಗಳ ವೇಷ. ಔತಣದ ಮೇಜಿನ ಶೋಭೆಗೆ ಅನಾನಸ್ ಬಾಡಿಗೆಗೂ ಸಿಗುತ್ತಿತ್ತಂತೆ, ಕೊಳೆಯುವವರೆಗೆ ಮನೆಯಿಂದ ಮನೆಗೆ ಓಡಾಡುತ್ತಿತ್ತಂತೆ.

ಆ ಮೇಜಿನ ಸುತ್ತ ಕುಳಿತವರ ಚಿತ್ರಗಳು ಬೇಕಾದಷ್ಟಿವೆ. ಒಲೆಯ ಮುಂದೆ ಕುಳಿತವರದು ಅಪರೂಪ. ಗಾಜಿನ ಮನೆಯ ಹಿಂಗೋಡೆಗೆ ಆತುಕೊಂಡ ಕತ್ತಲ ಕೋಣೆಗಳಲ್ಲಿ, ಮದುವೆಯಾಗದ ಹದಿಹರೆಯದ ಕೆಲಸಗಾರರನ್ನು ಇಟ್ಟಿರುತ್ತಿದ್ದರು. ರಾತ್ರಿ ಎದ್ದೆದ್ದು ಕಲ್ಲಿದ್ದಲು ಹಾಕುವುದು, ತಾಪಮಾಪಕ ನೋಡುವುದು, ಗಾಜಿನ ಮೇಲೆ ಚಾಪೆ ಹೊದಿಸುವುದು ಅವರ ಪಾಲು. ಆ ಕಾಲದ ಕೆಲವು ತಾಪಮಾಪಕಗಳ ಮೇಲೆ ಇಂತಿಷ್ಟು ಬಿಸಿಯೆಂದು ಸೂಚಿಸಲು ‘ಅನಾನಸ್’ ಎಂದೇ ಬರೆದಿರುತ್ತಿತ್ತು. ಒಬ್ಬ ಹುಡುಗನಿಗೆ ಒಂದು ರಾತ್ರಿ ನಿದ್ದೆ ಹತ್ತಿದರೆ ಎರಡು ವರ್ಷದ ಗಿಡ ಹೋಯಿತು.

ಈ ವಿದ್ಯೆಯನ್ನು ಸೋಲಿಸಿದ್ದು ಚಳಿಯಲ್ಲ, ಹಡಗು. ಹತ್ತೊಂಬತ್ತನೇ ಶತಮಾನದ ನಡುವಿಗೆ ವೆಸ್ಟ್ ಇಂಡೀಸ್‌ನಿಂದ ಹಣ್ಣು ರಾಶಿರಾಶಿಯಾಗಿ ಬರತೊಡಗಿತು. ಲಂಡನ್ನಿನ ಬೀದಿಗಳಲ್ಲಿ ಚಿಲ್ಲರೆ ಕಾಸಿಗೆ ಹೋಳು ಮಾರುವವರನ್ನು ಹೆನ್ರಿ ಮೇಹ್ಯೂ ಬಡವರ ಬದುಕಿನ ಬಗೆಗಿನ ತನ್ನ ಬರಹಗಳಲ್ಲಿ ದಾಖಲಿಸಿದ್ದಾನೆ. ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳಲ್ಲಿ ಮಾತ್ರ ಗಾಜಿನ ಮನೆಯ ಬೇಸಾಯವೇ ವ್ಯಾಪಾರವಾಗಿ ಬೆಳೆಯಿತು, ಈಗಲೂ ಇದೆ. ಅಲ್ಲಿಯವರು ಹಸಿರೆಲೆ ಸುಟ್ಟು ಹೊಗೆ ಹಾಕಿದರೆ ಗಿಡಗಳೆಲ್ಲ ಒಟ್ಟಿಗೆ ಹೂ ಬಿಡುತ್ತವೆಂದು ಕಂಡುಕೊಂಡರು. ಹೊಗೆಯಲ್ಲಿರುವ ಎಥಿಲೀನ್ ಅನಿಲ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ನಮ್ಮ ಅನಾನಸ್ ಬೆಳೆಗಾರರು ಗಿಡದ ಸುಳಿಗೆ ಹಾಕುವ ಎಥ್ರೆಲ್ ದ್ರಾವಣ ಬಿಡುಗಡೆ ಮಾಡುವುದೂ ಅದೇ ಅನಿಲವನ್ನು.

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಹೆಲಿಗನ್ ಎಸ್ಟೇಟಿನ ತೋಟದ ಕೆಲಸಗಾರರು 1914ರ ಆಗಸ್ಟ್‌ನಲ್ಲಿ ಅಲ್ಲಿನ ಗೋಡೆಯೊಂದರ ಮೇಲೆ ಪೆನ್ಸಿಲಿನಲ್ಲಿ ತಮ್ಮ ಹೆಸರು ಬರೆದರು. ಮಹಾಯುದ್ಧಕ್ಕೆ ಹೋದ ಅವರಲ್ಲಿ ಹಲವರು ಮರಳಲಿಲ್ಲ. ತೋಟಕ್ಕೆ ಮುಳ್ಳು ಮುಚ್ಚಿತು. 1990ರ ದಶಕದಲ್ಲಿ ಅದನ್ನು ಬಿಡಿಸಿದಾಗ ಅನಾನಸ್ ಗುಂಡಿಯೂ ಸಿಕ್ಕಿತು, ಗೋಡೆಯ ಹೆಸರುಗಳೂ ಸಿಕ್ಕವು. ಹಳೆಯ ಕ್ರಮದಲ್ಲೇ ಗುಂಡಿಗೆ ಕುದುರೆ ಲದ್ದಿ ತುಂಬಿ, ಮತ್ತೆ ಮತ್ತೆ ಬದಲಿಸಿ, ಗಿಡ ಸಾಕಿದರು. ಕೂಲಿ, ಲದ್ದಿ ಎಲ್ಲ ಸೇರಿ ಒಂದು ಹಣ್ಣಿಗೆ ಸಾವಿರ ಪೌಂಡಿಗೂ ಮಿಕ್ಕಿ ಖರ್ಚೆಂದು ಲೆಕ್ಕ ಹೇಳುತ್ತಾರೆ. 1997ರಲ್ಲಿ ಹಣ್ಣಾದವು. ಎರಡನೆಯದನ್ನು ರಾಣಿ ಎಲಿಜಬೆತ್‌ಗೆ ಮದುವೆಯ ಐವತ್ತನೇ ವರ್ಷದ ಉಡುಗೊರೆಯಾಗಿ ಕಳುಹಿಸಿದರು. ಮೊದಲನೆಯದನ್ನು, ಲದ್ದಿಯ ವಾಸನೆ ಹಿಡಿದಿಲ್ಲ ತಾನೆ ಎಂದು ಪರೀಕ್ಷಿಸುವ ನೆಪದಲ್ಲಿ, ತೋಟದವರೇ ಕೊಯ್ದು ತಿಂದಿದ್ದರು.