ಗಡಿ ದಾಟುವ ಪದ: ಲಾಟ್ವಿಯದ ದೈನಾ ಮತ್ತು ನಮ್ಮ ತತ್ವಪದ

ಸಣ್ಣ ಭಾಷೆಯೊಂದರ ಹಾಡು ಪರದೇಶದ ಕೇಳುಗರನ್ನು ತಲುಪುವ ಬಗೆಗೆ ಬಾಲ್ಟಿಕ್ ನಾಡುಗಳಲ್ಲೊಂದಾದ ಲಾಟ್ವಿಯ ಒಳ್ಳೆಯ ನಿದರ್ಶನ. ಹೆಚ್ಚಾಗಿ ನಾಲ್ಕೇ ಸಾಲಿನ ‘ದೈನಾ’ ಎಂಬ ಜನಪದ ಹಾಡುಗಳನ್ನು ಕ್ರಿಶ್ಯಾನಿಸ್ ಬಾರೊನ್ಸ್ ಚೀಟಿಗಳಲ್ಲಿ ವರ್ಗೀಕರಿಸಿದರು. 1894ರಿಂದ 1915ರವರೆಗೆ ಎರಡು ಲಕ್ಷಕ್ಕೂ ಮಿಕ್ಕಿದ ಪಾಠಗಳು ಅಚ್ಚಾದವು. ಚೀಟಿಗಳ ಆ ಕಪಾಟು 2001ರಲ್ಲಿ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೆ ಸೇರಿತು. ಆದರೆ ದೈನಾ ಹೊರನಾಡಿಗೆ ಹೋದದ್ದು ಕಪಾಟಿನಿಂದಷ್ಟೇ ಅಲ್ಲ. 1873ರಲ್ಲಿ ರೀಗಾದಲ್ಲಿ ಆರಂಭವಾದ ಗಾಯನೋತ್ಸವವನ್ನು ವಲಸೆ ಹೋದ ಲಾಟ್ವಿಯನ್ನರು ಅಮೆರಿಕ, ಕೆನಡಗಳಲ್ಲಿಯೂ ನಡೆಸಿದರು.

ಕಲಬುರಗಿ ಜಿಲ್ಲೆಯ ತತ್ವಪದಗಳನ್ನು ಇದರೊಡನೆ ಇಟ್ಟು ನೋಡಬೇಕು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚನ್ನೂರ ಜಲಾಲಸಾಹೇಬ ಈ ಪರಂಪರೆಯ ಪ್ರಮುಖರು. ಆಳಂದ, ಅಫಜಲಪುರಗಳಾಚೆ ಮಹಾರಾಷ್ಟ್ರದ ಅಕ್ಕಲಕೋಟೆಯ ಕನ್ನಡ ಹಳ್ಳಿಗಳಲ್ಲಿಯೂ ತತ್ವಪದಕ್ಕೆ ಕೇಳುಗರುಂಟು. ಅಲ್ಲಿಗೆ ಅನುವಾದ ಬೇಡ. ದೂರದವರಿಗೆ ಬೇಕು. ತೊಡಕಿರುವುದು ಇಲ್ಲಿಯೇ. ಅಚ್ಚಿನ ಪಾಠವನ್ನಷ್ಟೇ ಅನುವಾದಿಸುವವರು ಮರುಕಳಿಸುವ ಪಲ್ಲವಿಯನ್ನೂ ಕೊನೆಯ ಅಂಕಿತವನ್ನೂ ಅಲಂಕಾರವೆಂದು ಬಿಡುವುದುಂಟು. ವಾಸ್ತವವಾಗಿ ಏಕತಾರಿ, ದಮ್ಮಡಿಗಳ ಗತಿಯಲ್ಲಿ ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಂಡಾಗಲೆಲ್ಲ, ಹಿಂದಿನ ನುಡಿಯಿಂದಾಗಿ ಅದರ ಅರ್ಥ ಬೇರೆಯಾಗಿರುತ್ತದೆ. ಬೆಡಗು ಬಿಡಿಸಿಕೊಳ್ಳುವುದೇ ಹಾಗೆ. ಅಂಕಿತವಳಿದರೆ ಜಾತಿಮತದ ಗೆರೆ ದಾಟಿದ ಗುರುಶಿಷ್ಯ ಸಂಬಂಧವೇ ಮರೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ನಷ್ಟವಲ್ಲ. ಅನುವಾದದೊಡನೆ ಧ್ವನಿಮುದ್ರಣವೂ ಹಾಡುಗಾರರೇ ಹೇಳುವ ಅರ್ಥವಿವರಣೆಯೂ ಇರಬೇಕು. ಇಡೀ ರಾತ್ರಿ ಭಜನೆ ನಡೆಸಬಲ್ಲ ಹಿರಿಯರು ಇರುವಾಗಲೇ ಅದು ಆಗಬೇಕು.