ಟ್ರೇಲರಿನ ಕಮಾನು ಪಟ್ಟಿ: ಯಾವ ಬುಷ್ಷಿಗೆ ಗ್ರೀಸ್ ಬೇಕು, ಯಾವುದಕ್ಕೆ ಬೇಡ?

ಭದ್ರಾ ಮತ್ತು ತುಂಗಾ ಕಾಲುವೆಗಳ ನೀರು ಹರಿಯುವ ಹೊನ್ನಾಳಿ ಭಾಗದಲ್ಲಿ ಭತ್ತದ ಕೊಯ್ಲು ಬಂತೆಂದರೆ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬಿಡುವಿರುವುದಿಲ್ಲ. ಇನ್ನೂ ಹಸಿ ಆರದ ಗದ್ದೆಯಿಂದ ಹೊರಟು, ಬದು ಹತ್ತಿ ಇಳಿದು, ಕಾಲುವೆ ಏರಿಯ ಮೇಲೆ ಸಾಗಿ ಊರು ಸೇರುವವರೆಗೆ ಹೇರಿನ ಭಾರವನ್ನೆಲ್ಲ ಹೊರುವುದು ಅಚ್ಚಿನ ಮೇಲಿನ ಕಮಾನು ಪಟ್ಟಿಗಳು, ಅಂದರೆ ಲೀಫ್ ಸ್ಪ್ರಿಂಗುಗಳು. ಎಂಜಿನ್ನಿನ ಎಣ್ಣೆಯನ್ನು ತಪ್ಪದೆ ಬದಲಾಯಿಸುವ ರೈತರು ಕೂಡ ಈ ಪಟ್ಟಿಗಳ ತುದಿಯಲ್ಲಿರುವ ಬುಷ್ಷುಗಳನ್ನು ಮರೆಯುವುದುಂಟು. ಎತ್ತಿನ ಗಾಡಿಯ ಕಾಲದಲ್ಲಿ ಈ ಮರೆವು ಇರಲಿಲ್ಲ. ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಕೀಲೆಣ್ಣೆ ಗಾಡಿಯ ಜೊತೆಯಲ್ಲೇ ಇರುತ್ತಿತ್ತು. ಅಚ್ಚು ಕಿರುಗುಟ್ಟಿದ ಕೂಡಲೇ ಗಾಡಿ ನಿಲ್ಲಿಸಿ ಹಚ್ಚುತ್ತಿದ್ದರು. ಟ್ರ್ಯಾಕ್ಟರಿನ ಸದ್ದಿನಲ್ಲಿ ಹಿಂದಿನ ಟ್ರೇಲರಿನ ಕಿರುಗುಟ್ಟುವಿಕೆ ಚಾಲಕನ ಕಿವಿಗೆ ಬೀಳುವುದಿಲ್ಲ.

ಕಮಾನಿನ ಮೇಲಿನ ಉದ್ದ ಪಟ್ಟಿಯ ತುದಿಯನ್ನು ಬಳೆಯಂತೆ ಸುತ್ತಿರುತ್ತಾರೆ. ಬಳೆಯೊಳಗೆ ಬುಷ್, ಬುಷ್ಷಿನೊಳಗೆ ಪಿನ್. ಒಂದು ತುದಿ ಚಾಸಿಗೆ ನೇರವಾಗಿ ಜೋಡಿಸಲ್ಪಟ್ಟಿದ್ದರೆ, ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುವ ಕೊಂಡಿಯಲ್ಲಿರುತ್ತದೆ. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುವುದರಿಂದ ಈ ತೂಗಾಟ ಅವಶ್ಯಕ. (ಕೆಲವು ಟ್ರೇಲರುಗಳಲ್ಲಿ ಶ್ಯಾಕಲ್ ಇಲ್ಲದೆ ತುದಿಯು ಜಾರುವಂತಿರುತ್ತದೆ.) ಕೆಸರು ನೀರಿನೊಡನೆ ಸಣ್ಣ ಮರಳು ಪಿನ್ನಿಗೂ ಬುಷ್ಷಿಗೂ ನಡುವೆ ಸೇರಿದರೆ ಅರದಂತೆ ಉಜ್ಜುತ್ತದೆ. ಮೊದಲು ಬುಷ್ ಸವೆಯುತ್ತದೆ, ಬಳಿಕ ಪಿನ್, ಕೊನೆಗೆ ಬಳೆಯೇ ಮೊಟ್ಟೆಯಾಕಾರಕ್ಕೆ ಬರುತ್ತದೆ. ಆಗ ಬುಷ್ ಬದಲಾಯಿಸಿದರೆ ಸಾಲದು, ಪಟ್ಟಿಯನ್ನೇ ಹೊಸದಾಗಿ ಹಾಕಬೇಕು. ಸವೆದ ಪಿನ್ ಹೇರಿನೊಡನೆ ಕಾಲುವೆ ಏರಿಯ ಮೇಲೆ ತುಂಡಾದರೆ ಅಚ್ಚು ಓರೆಯಾಗಿ ಟ್ರೇಲರು ಮಗುಚುವ ಸಂಭವವಿದೆ. ಹೇರಿನ ಮೇಲೆ ಆಳುಗಳು ಕುಳಿತಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಗ್ರೀಸ್ ಗನ್ ಹಿಡಿಯುವ ಮೊದಲು ಬುಷ್ ಯಾವ ಬಗೆಯದೆಂದು ತಿಳಿಯತಕ್ಕದ್ದು. ಪಿನ್ನಿನ ತಲೆಯಲ್ಲಿ ನಿಪ್ಪಲ್ ಇದ್ದರೆ ಅದು ಸಾಮಾನ್ಯವಾಗಿ ಹಿತ್ತಾಳೆ, ಕಂಚು ಅಥವಾ ಉಕ್ಕಿನ ಬುಷ್. ಅದಕ್ಕೆ ಗ್ರೀಸ್ ಬೇಕೇ ಬೇಕು. ನಿಪ್ಪಲ್ ಇಲ್ಲದೆ ಕಪ್ಪು ರಬ್ಬರು ಕಾಣಿಸಿದರೆ ಗ್ರೀಸ್ ಮುಟ್ಟಿಸಕೂಡದು. ರಬ್ಬರು ಬುಷ್ಷಿನಲ್ಲಿ ಪಿನ್ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಗ್ರೀಸ್, ಡೀಸೆಲ್ ಅಥವಾ ಎಂಜಿನ್ ಎಣ್ಣೆ ತಗುಲಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಮಳೆಗಾಲ ಮುಗಿದ ಮೇಲೆ ತುಕ್ಕು ಹಿಡಿಯಬಾರದೆಂದು ವಾಹನದ ಅಡಿಗೆಲ್ಲ ಸುಟ್ಟ ಎಣ್ಣೆ ಸಿಂಪಡಿಸುವ ರೂಢಿ ಹಲವೆಡೆ ಇದೆ. ಒಳ್ಳೆಯ ಉದ್ದೇಶದಿಂದಲೇ ಮಾಡುವ ಈ ಕೆಲಸ ರಬ್ಬರು ಬುಷ್ಷುಗಳ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಅಲ್ಲದೆ ಎಣ್ಣೆಯ ಪಸೆಗೆ ಧೂಳು ಮೆತ್ತಿಕೊಳ್ಳುತ್ತದೆ.

ಲೋಹದ ಬುಷ್ಷಿಗೆ ಲಿಥಿಯಂ ಆಧಾರಿತ ಗ್ರೀಸ್ ಯೋಗ್ಯ. ಸೋಡಾ ಗ್ರೀಸ್ ನೀರಿನಲ್ಲಿ ಕರಗಿ ತೊಳೆದುಹೋಗುವುದರಿಂದ ಗದ್ದೆಯ ಕೆಲಸಕ್ಕೆ ಸಲ್ಲದು. ತಯಾರಕರ ಕೈಪಿಡಿಯಲ್ಲಿ ಅವಧಿ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಇಲ್ಲವಾದರೆ ಕೆಲಸದ ದಿನಗಳಲ್ಲಿ ವಾರಕ್ಕೊಮ್ಮೆ ಹಾಕುವುದು ಒಳ್ಳೆಯದು. ಅಚ್ಚು ನೀರಿನಲ್ಲಿ ಮುಳುಗಿದ ದಿನ ಮಾತ್ರ ಅದೇ ಸಂಜೆ ಹಾಕತಕ್ಕದ್ದು.

ಹಾಕುವ ಕ್ರಮದಲ್ಲಿ ಒಂದು ಮುಖ್ಯ ತಪ್ಪು ನಡೆಯುತ್ತದೆ. ವಾಹನ ಚಕ್ರದ ಮೇಲೆ ನಿಂತಿರುವಾಗ ಪಿನ್ನಿನ ಒಂದು ಬದಿ ಬುಷ್ಷಿಗೆ ಬಿಗಿಯಾಗಿ ಒತ್ತಿಕೊಂಡಿರುತ್ತದೆ. ಆಗ ಹಾಕಿದ ಗ್ರೀಸ್ ಸಡಿಲವಾದ ಬದಿಯಿಂದ ಹೊರಬಂದುಬಿಡುತ್ತದೆ. ಸವೆಯುವ ಬದಿ ಒಣಗಿಯೇ ಉಳಿಯುತ್ತದೆ. ಆದ್ದರಿಂದ ಹೇರು ಇಳಿಸಿ, ಚಕ್ರಗಳಿಗೆ ಅಡೆ ಕೊಟ್ಟು, ಗಟ್ಟಿ ನೆಲದಲ್ಲಿ ಹಲಗೆಯ ಮೇಲೆ ಜಾಕ್ ಇಟ್ಟು, ಪಿನ್ನಿನ ಮೇಲಿನ ಭಾರ ಹೋಗುವಷ್ಟು ಚಾಸಿಯನ್ನು ಎತ್ತಬೇಕು. ಜಾಕನ್ನೊಂದನ್ನೇ ನಂಬಿ ಅಡಿಗೆ ಹೋಗಬಾರದು, ಮರದ ದಿಮ್ಮಿಗಳನ್ನು ಕೊಡಬೇಕು. ನಿಪ್ಪಲಿನ ಕೆಸರು ಒರೆಸಿ, ಹಳೆಯ ಕಪ್ಪು ಗ್ರೀಸ್ ಹೋಗಿ ಹೊಸದು ಎರಡೂ ಅಂಚಿನಲ್ಲಿ ಕಾಣುವವರೆಗೆ ಒತ್ತಬೇಕು. ಗ್ರೀಸ್ ಇಳಿಯದಿದ್ದರೆ ನಿಪ್ಪಲ್ ಬಿಚ್ಚಿ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು, ಪಿನ್ನಿನ ರಂಧ್ರವನ್ನು ತಂತಿಯಿಂದ ಬಿಡಿಸಬೇಕು.

ರಬ್ಬರು ಬುಷ್ಷಿಗೆ ನೀರಿನಿಂದ ತೊಳೆಯುವುದಷ್ಟೇ ಸಾಕು. ಬಿರುಕು ಬಿಟ್ಟಿದ್ದರೆ ಅಥವಾ ನಡುವಿನ ಲೋಹದ ಕೊಳವೆ ಒಂದು ಬದಿಗೆ ಸರಿದಿದ್ದರೆ ಬದಲಾಯಿಸಬೇಕು. ಹೊಸದನ್ನು ಹಾಕುವಾಗ ಬೋಲ್ಟನ್ನು ಕೈಬಿಗಿಯಷ್ಟೇ ಕೂಡಿಸಿ, ವಾಹನವನ್ನು ಚಕ್ರಗಳ ಮೇಲೆ ಇಳಿಸಿದ ನಂತರವೇ ಪೂರ್ತಿ ಬಿಗಿಯಬೇಕು. ಎತ್ತಿರುವಾಗಲೇ ಬಿಗಿದರೆ ಕೆಳಗಿಳಿಸಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ತೋಟ, ಗುಡ್ಡಗಳಿಗೆ ಹೋಗುವ ಜೀಪುಗಳಿಗೂ ಇವೇ ನಿಯಮ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳ ಶ್ಯಾಕಲ್ಲಿನಲ್ಲಿ ಮಾತ್ರ ತಿರುಪಿನ ಬುಷ್ಷುಗಳಿದ್ದು, ಅವಕ್ಕೆ ಗ್ರೀಸ್ ಬೇಕು. ಇವುಗಳಲ್ಲಿ ಕೆಲವು ಎಡ ತಿರುಪಿನವಾದ್ದರಿಂದ ಬಿಚ್ಚುವಾಗ ಬಲಪ್ರಯೋಗ ಮಾಡಬಾರದು.

ಸವೆತವನ್ನು ಪರೀಕ್ಷಿಸಲು ಗ್ಯಾರೇಜಿಗೇ ಹೋಗಬೇಕಾಗಿಲ್ಲ. ಬಳೆಗೂ ಶ್ಯಾಕಲ್ಲಿಗೂ ನಡುವೆ ಹಾರೆಯ ತುದಿ ಕೊಟ್ಟು ಮೀಟಿದಾಗ ಕಟಕಟ ಸದ್ದಿನೊಡನೆ ಅಲುಗಾಡಿದರೆ ಲೋಹದ ಬುಷ್ ಮುಗಿದಿದೆ. ಒಂದೇ ಅಚ್ಚಿನ ಟ್ರೇಲರಾದರೆ ಎಳೆಗೊಂಡಿಯಿಂದ ಅಚ್ಚಿನ ಎರಡೂ ತುದಿಗಳಿಗೆ ಹಗ್ಗ ಹಿಡಿದು ಅಳೆಯಬಹುದು. ಎರಡು ಅಳತೆಗಳೂ ಒಂದೇ ಇರಬೇಕು. ವ್ಯತ್ಯಾಸವಿದ್ದರೆ ಬುಷ್ಷುಗಳ ಜೊತೆಗೆ ಯು-ಬೋಲ್ಟುಗಳನ್ನೂ ನೋಡತಕ್ಕದ್ದು. ಅವು ಸಡಿಲವಾದಾಗ ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್ ತುಂಡಾಗಿ ಅಚ್ಚು ಹಿಂದಕ್ಕೆ ಸರಿಯುತ್ತದೆ. ಹೊಸದಾಗಿ ಬಿಗಿದ ಯು-ಬೋಲ್ಟುಗಳನ್ನು ಮೊದಲ ಹೇರು ಸಾಗಿಸಿ ಬಂದ ಮೇಲೆ ಇನ್ನೊಮ್ಮೆ ಬಿಗಿಯಬೇಕು.